ಕುಮಟೆಯಲ್ಲೇ ಸಮುದ್ರ ಇರುವಾಗ ಅಂಡಮಾನ್ ಯಾಕೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮದುವೆಯಾಗಿ 23 ವರ್ಷ. ಅತ್ತೆಯ ಆರೈಕೆ, ಮಕ್ಕಳ ಓದು, ತೋಟ, ಕೊಟ್ಟಿಗೆ ಅಂತ ಇಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಈಗ ಮಗ ಕೆಲಸಕ್ಕೆ ಸೇರಿದ್ದಾನೆ, ಅಂಡಮಾನಿಗೆ ಹೋಗಿ ಬನ್ನಿ, ಖರ್ಚು ನನ್ನದು ಅನ್ನುತ್ತಾನೆ. ಏಜೆಂಟ್ ಒಬ್ಬರು ಡಿಸೆಂಬರ್ ಕೊನೆಗೆ ಐದು ರಾತ್ರಿಯ ಪ್ಯಾಕೇಜ್ ಹೇಳಿದ್ದಾರೆ. ಪೋರ್ಟ್ ಬ್ಲೇರ್, ಬಾರಾಟಾಂಗ್, ಹ್ಯಾವ್‌ಲಾಕ್, ನೀಲ್ ಎಲ್ಲ ಸೇರಿದೆ. ನನಗೆ ನೀರೊಳಗಿನ ಮೀನು ನೋಡುವ ಆಸೆ, ಆದರೆ ಈಜು ಬರುವುದಿಲ್ಲ. ನಮ್ಮನೆಯವರಿಗೆ 52 ವರ್ಷ, ಬಿಪಿ ಮಾತ್ರೆ ಇದೆ, ದೇವಿಮನೆ ಘಟ್ಟ ಇಳಿಯುವಷ್ಟರಲ್ಲೇ ವಾಂತಿ ಶುರು. ಅವರು "ಕುಮಟೆಯಲ್ಲೇ ಸಮುದ್ರ ಇದೆ, ಅಷ್ಟು ದೂರ ಯಾಕೆ" ಅನ್ನುತ್ತಾರೆ. ನಾವು ಸಸ್ಯಾಹಾರಿಗಳು. ಅಂಡಮಾನ್ ಸರಿಯಾ, ಲಕ್ಷದ್ವೀಪ ಅಥವಾ ಮಾಲ್ಡೀವ್ಸ್ ಒಳ್ಳೆಯದಾ?

ಉತ್ತರ: ನಿಮ್ಮ ಯಜಮಾನ್ರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಕಾರವಾರದಲ್ಲಿ ಕೂತು ಜನರನ್ನು ದ್ವೀಪಗಳಿಗೆ ಕಳಿಸುವ ನನಗೆ ಇದನ್ನು ಕೇಳದವರೇ ಇಲ್ಲ. ಮನೆ ಮುಂದೆ ಸಮುದ್ರ ಇಟ್ಟುಕೊಂಡು ಇನ್ನೊಂದು ಸಮುದ್ರಕ್ಕೆ ದುಡ್ಡು ಸುರಿಯುವುದು ಯಾಕೆ?

ಯಾಕೆಂದರೆ ಎರಡೂ ಬೇರೆ. ನಿಮ್ಮ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಘಟ್ಟದ ಮಣ್ಣನ್ನೆಲ್ಲ ಹೊತ್ತುಕೊಂಡು ಬಂದು ತದಡಿಯಲ್ಲಿ ಸಮುದ್ರ ಸೇರುತ್ತದೆ. ಇತ್ತ ಕಾಳಿ, ಗಂಗಾವಳಿ, ಅತ್ತ ಶರಾವತಿ. ನಾಲ್ಕು ನದಿಗಳ ಕೆಸರು ಬಂದು ಬೀಳುವ ನೀರು ಕನ್ನಡಿಯ ಹಾಗೆ ಇರು ಅಂದರೆ ಹೇಗೆ ಇದ್ದೀತು? ಒಂದು ಲೆಕ್ಕದಲ್ಲಿ ಕುಮಟೆಯ ಸಮುದ್ರವನ್ನು ಕದಡುವುದು ನಿಮ್ಮ ಊರಿನ ಮಣ್ಣೇ. ಅದು ಕೆಟ್ಟದ್ದಲ್ಲ, ನಮ್ಮ ಮೀನುಗಾರಿಕೆ ಇಷ್ಟು ಚೆನ್ನಾಗಿರುವುದಕ್ಕೆ ಅದೂ ಒಂದು ಕಾರಣ. ಆದರೆ ಒಳಗೆ ಏನಿದೆ ಅಂತ ಮೇಲಿಂದ ಕಾಣುವುದಿಲ್ಲ. ಹ್ಯಾವ್‌ಲಾಕಿನಂಥ ಸಣ್ಣ ದ್ವೀಪದಲ್ಲಿ ಅಂಥ ದೊಡ್ಡ ನದಿಯೇ ಇಲ್ಲ. ಮರಳಲ್ಲೂ ಬಹಳಷ್ಟು ಹವಳದ, ಚಿಪ್ಪಿನ ಪುಡಿಯೇ. ಗಿಳಿಯ ಕೊಕ್ಕಿನಂಥ ಬಾಯಿಯ ಒಂದು ಮೀನಿದೆ, ಪ್ಯಾರಟ್ ಫಿಶ್ ಅಂತಾರೆ, ಅದು ಹವಳದ ಬಂಡೆ ಕೆರೆದು ತಿಂದು ಬಿಳಿ ಮರಳಾಗಿ ಹೊರಗೆ ಹಾಕುತ್ತದೆ. ಜನ ಫೋಟೋ ಹಿಡಿಯುವ ಬಿಳಿ ಮರಳಲ್ಲಿ ಒಂದಿಷ್ಟು ಮೀನಿನ ಹಿಕ್ಕೆ! ಅಲ್ಲಿ ಜೆಟ್ಟಿಯ ಅಂಚಿಗೆ ನಿಂತು ಕೆಳಗೆ ನೋಡಿದರೆ ಕಂಬದ ಬುಡದಲ್ಲಿ ತಿರುಗುವ ಪಟ್ಟೆ ಪಟ್ಟೆ ಮೀನು ಎಣಿಸಬಹುದು. ಇದನ್ನು ಯಜಮಾನ್ರಿಗೆ ಓದಿ ಹೇಳಿ.

ಆದರೆ ನನ್ನ ಅನುಮಾನ ಬೇರೆಯೇ ಇದೆ. ಅವರು ಯೋಚಿಸುತ್ತಿರುವುದು ಸಮುದ್ರದ ಬಗ್ಗೆ ಅಲ್ಲ, ತೋಟದ ಬಗ್ಗೆ. ಡಿಸೆಂಬರ್ ಕೊನೆ ಅಂದರೆ ಅಡಿಕೆ ಕೊಯ್ಲಿನ ಹೊತ್ತು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಇವತ್ತು ಬರುತ್ತೇನೆ ಅಂದವನು ಮೂರು ದಿನ ಬಿಟ್ಟು ಬರುತ್ತಾನೆ, ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಸುಲಿಯುವವರಿಗೆ ಅಡುಗೆ ಆಗಬೇಕು. ಅಂಥ ಹೊತ್ತಲ್ಲಿ ಅವರನ್ನು ಎಳೆದುಕೊಂಡು ಹೋದರೆ ದೇಹ ಹ್ಯಾವ್‌ಲಾಕಿನ ರಾಧಾನಗರದ ದಂಡೆಯಲ್ಲಿ, ಮನಸ್ಸು ಅಂಗಳದಲ್ಲಿ, ಮಧ್ಯೆ ಗಂಟೆಗೊಂದು ಫೋನು. ಅವರು ಬಾಯಿಬಿಟ್ಟು "ಈಗ ಬೇಡ" ಅನ್ನಲಾರರು, ಮಗ ಬೇಜಾರು ಮಾಡಿಕೊಳ್ಳುತ್ತಾನೆ ಅಂತ. ಅದಕ್ಕೇ ಕುಮಟೆಯ ಸಮುದ್ರ ನೆನಪಾಗಿದೆ. ಕೇಳಿ ನೋಡಿ.

ಹಾಗಾಗಿ ನನ್ನ ಮೊದಲ ಸಲಹೆ: ಡಿಸೆಂಬರ್ ಬಿಡಿ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದೊಳಗೆ ಹೋಗಿ. ಕೊಯ್ಲು ಬಹುಪಾಲು ಮುಗಿದಿರುತ್ತದೆ, ಮಳೆಗಾಲದ ಕೊಳೆರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ ಇನ್ನೂ ದೂರ. ಉಳಿಯುವುದು ತೋಟಕ್ಕೆ ನೀರು ಬಿಡುವುದು, ಹಾಲು ಕರೆಯುವುದು. ಅದಕ್ಕೆ ಹತ್ತು ದಿನದ ಮಟ್ಟಿಗೆ ಪಕ್ಕದ ಮನೆಯವರನ್ನೋ ನೆಂಟರನ್ನೋ ಒಪ್ಪಿಸಬಹುದು. ವಿಚಿತ್ರ ಅಂದರೆ ಅಂಡಮಾನಿನ ಸಮುದ್ರ ಅತಿ ಶಾಂತವಾಗಿರುವುದೂ ಇದೇ ತಿಂಗಳುಗಳಲ್ಲಿ. ಡಿಸೆಂಬರ್, ಜನವರಿಯಲ್ಲಿ ಈಶಾನ್ಯದ ಗಾಳಿಗೆ ಆಗಾಗ ಅಲೆ ಏಳುತ್ತದೆ, ಜನಜಾತ್ರೆ, ರೂಮಿನ ರೇಟೂ ಮೇಲೆ. ಮೇ ತಿಂಗಳಿಗೆ ಮಾತ್ರ ಎಳೆಯಬೇಡಿ. ಮುಂಗಾರು ನಮಗಿಂತ ಮೊದಲು ಅಲ್ಲಿಗೆ ಹೋಗುತ್ತದೆ, ಸಾಮಾನ್ಯವಾಗಿ ಮೇ ಮೂರನೇ ವಾರದ ಹೊತ್ತಿಗೆ. ಮತ್ತೆ ಮಾರಿಕಾಂಬೆ ಜಾತ್ರೆಯ ವರ್ಷವಾದರೆ ಆ ಒಂಬತ್ತು ದಿನ ಬಿಟ್ಟು ಟಿಕೆಟ್ ಮಾಡಿ. ಮನೆ ತುಂಬ ನೆಂಟರು ಬರುವಾಗ ನೀವು ವಿಮಾನ ಹತ್ತಿದರೆ ಮುಂದಿನ ಜಾತ್ರೆವರೆಗೂ ಮಾತು ಕೇಳಬೇಕಾದೀತು.

ಲಕ್ಷದ್ವೀಪ, ಮಾಲ್ಡೀವ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಲಕ್ಷದ್ವೀಪದ ನೀರು ಅಂಡಮಾನಿಗಿಂತಲೂ ಚಂದ, ನನ್ನ ಕಣ್ಣಿಗಂತೂ ಹೌದು. ನಮಗೆ ಹಳೆಯ ನಂಟೂ ಇದೆ: ಅಲ್ಲಿಯ ಅಮಿನಿ, ಕಡಮತ್ ಸಾಲಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಕಚೇರಿ ಕೆಲಸಕ್ಕೆ ಮಂಗಳೂರಿಗೆ ಬರಬೇಕಿತ್ತು. ಆದರೆ ಈಗ ಹೋಗಲು ಪರ್ಮಿಟ್ ಬೇಕು, ಕೊಚ್ಚಿಯಿಂದ ಹಡಗು ಅಂದರೆ ಒಂದು ರಾತ್ರಿ ಪೂರ್ತಿ ನೀರ ಮೇಲೆ. ವಿಮಾನದಲ್ಲಿ ಅಗತ್ತಿಗೆ ಇಳಿದರೂ ಬಂಗಾರಂಗೆ ಮತ್ತೆ ದೋಣಿ. ದೇವಿಮನೆ ಘಟ್ಟದಲ್ಲೇ ವಾಂತಿ ಮಾಡುವವರಿಗೆ ಮೊದಲ ಸಲಕ್ಕೆ ಬೇಡ. ಮಾಲ್ಡೀವ್ಸಿಗೆ ಪಾಸ್‌ಪೋರ್ಟ್ ಆಗಬೇಕು. ವೀಸಾ ಅಲ್ಲಿ ಇಳಿದ ಮೇಲೆ ಪುಕ್ಕಟೆ ಕೊಡುತ್ತಾರೆ, ತೊಂದರೆಯಿಲ್ಲ. ಆದರೆ ಒಂದು ರೆಸಾರ್ಟಿಗೆ ಒಂದು ದ್ವೀಪ, ತಿನ್ನುವುದು, ತಿರುಗುವುದು ಎಲ್ಲ ಅವರಲ್ಲೇ, ಅವರು ಹೇಳಿದ್ದೇ ಬೆಲೆ. ಎರಡು ದಿನಕ್ಕೆ ನಿಮ್ಮ ಯಜಮಾನ್ರು ದ್ವೀಪವನ್ನು ಹನ್ನೊಂದು ಸುತ್ತು ಹಾಕಿ ಮುಗಿಸುತ್ತಾರೆ. ನಿಮಗೆ ಅಂಡಮಾನೇ ಸರಿ.

ಈಗ ಆ ಪ್ಯಾಕೇಜ್. ಐದು ರಾತ್ರಿಗೆ ನಾಲ್ಕು ಜಾಗ. ನಾನೇ ಒಮ್ಮೆ ಇಂಥ ತಪ್ಪು ಮಾಡಿದವನು, ಅದೂ ಊರಿಗೆಲ್ಲ ಬುದ್ಧಿ ಹೇಳುವ ಕೆಲಸದಲ್ಲಿದ್ದುಕೊಂಡು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಇಷ್ಟು ವರ್ಷ ಕಾಯಿಸಿದ್ದಕ್ಕೆ ಬಡ್ಡಿ ಸಮೇತ ತೀರಿಸಿಬಿಡೋಣ ಅಂತ ಒಂದು ಗಂಟೆಯೂ ಖಾಲಿ ಬಿಡದೆ ಪ್ಲಾನ್ ಮಾಡಿದ್ದೆ. ಬೆಳಗ್ಗೆ ನಾಲ್ಕಕ್ಕೆ ಏಳು, ಬ್ಯಾಗ್ ಕಟ್ಟು, ಜೆಟ್ಟಿಗೆ ಓಡು, ಒಂದು ಗಂಟೆ ಸಾಲಲ್ಲಿ ನಿಲ್ಲು. ನಾಲ್ಕನೇ ದಿನ ಜೆಟ್ಟಿಯ ಕಬ್ಬಿಣದ ಬೆಂಚಿನ ಮೇಲೆ ಬ್ಯಾಗಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ಎಬ್ಬಿಸಿದರೆ, "ದ್ವೀಪಕ್ಕಿಂತ ಜೆಟ್ಟಿ ನೋಡಿದ್ದೇ ಜಾಸ್ತಿ ಆಯ್ತಲ್ಲ ಮಾರಾಯ್ರೆ" ಅಂದಳು. ಅದು ಸಾಲದು ಅಂತ ಕೊನೆಯ ದಿನ ಗಾಳಿ ಎದ್ದು ಬೆಳಗಿನ ಫೆರ್ರಿ ರದ್ದಾಯಿತು. ನಮ್ಮ ವಿಮಾನ ಅದೇ ಮಧ್ಯಾಹ್ನ. ಫೆರ್ರಿಯವರು ಟಿಕೆಟ್ ದುಡ್ಡು ವಾಪಸ್ ಕೊಟ್ಟರು, ಆದರೆ ತಪ್ಪಿದ ವಿಮಾನದ ದುಡ್ಡು ಯಾರು ಕೊಡುತ್ತಾರೆ? ಇವತ್ತಿಗೂ ಮನೆಯಲ್ಲಿ ಎಲ್ಲಿಗಾದರೂ ಹೊರಡುವ ಮಾತು ಬಂದರೆ, "ಪ್ಲಾನ್ ನಾನು ಮಾಡ್ತೆ, ನೀವು ಸುಮ್ನಿರಿ" ಅನ್ನುತ್ತಾಳೆ.

ಆದ್ದರಿಂದ ಐದರ ಬದಲು ಏಳು ರಾತ್ರಿ ಕೇಳಿ, ಜಾಗ ಮಾತ್ರ ನಾಲ್ಕರಿಂದ ಮೂರಕ್ಕೆ ಇಳಿಸಿ. ಪೋರ್ಟ್ ಬ್ಲೇರಿನಲ್ಲಿ ಮೊದಲು ಒಂದು ರಾತ್ರಿ, ಹ್ಯಾವ್‌ಲಾಕಿನಲ್ಲಿ ಮೂರು, ನೀಲ್‌ನಲ್ಲಿ ಎರಡು, ಮತ್ತೆ ವಾಪಸ್ ಬಂದು ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ. ಆ ಕೊನೆಯ ರಾತ್ರಿಯನ್ನು ಏಜೆಂಟ್ ಎಷ್ಟೇ ಹೇಳಿದರೂ ಬಿಟ್ಟುಕೊಡಬೇಡಿ. ವಿಮಾನದ ದಿನವೇ ದ್ವೀಪದಿಂದ ಫೆರ್ರಿ ಹತ್ತುವುದು ಜೂಜು, ನಾನು ಆಡಿ ಸೋತಿದ್ದೇನೆ. ಹೋಗುವ ದಾರಿಗೆ ಶಿರಸಿಯಿಂದ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರಬಹುದು, ಇಲ್ಲ ರಾತ್ರಿ ಬಸ್. ಅಲ್ಲಿಂದ ಪೋರ್ಟ್ ಬ್ಲೇರಿಗೆ ನೇರ ವಿಮಾನ ಇದೆ, ಎರಡೂವರೆ ಗಂಟೆ ಚಿಲ್ಲರೆ. ರಸ್ತೆ ಪ್ರಯಾಣ ಮುಗಿದ ದಿನವೇ ಅಂಡಮಾನಿನ ವಿಮಾನ, ಮರುದಿನ ಫೆರ್ರಿ ಅಂತ ಒತ್ತಿ ಇಡಬೇಡಿ, ನಿಮ್ಮನೆಯವರ ಹೊಟ್ಟೆಗೆ ಬೆಂಗಳೂರಿನಲ್ಲಿ ಒಂದು ದಿನ ಬಿಡುವು ಬೇಕು. ಟಿಕೆಟ್ ಕೈಗೆ ಬಂದಾಗ ಹೆಸರು ನೋಡಿ ಗಾಬರಿಯಾಗಬೇಡಿ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಓಡುತ್ತಿದೆ.

ಬಾರಾಟಾಂಗ್ ಬಿಡಿ ಅನ್ನಲು ಎರಡು ಕಾರಣ. ಅದಕ್ಕೆ ರಾತ್ರಿ ಮೂರಕ್ಕೆ ಎದ್ದು ಹೊರಡಬೇಕು, ಚೆಕ್‌ಪೋಸ್ಟಿನಲ್ಲಿ ಕಾದು ಗಾಡಿಗಳ ಸಾಲಿನಲ್ಲಿ ಹೋಗಬೇಕು. ತೋರಿಸುವುದು ಏನು? ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮತ್ತು ಸುಣ್ಣಕಲ್ಲಿನ ಗುಹೆ. ಅಘನಾಶಿನಿಯ ಹಿನ್ನೀರಲ್ಲಿ ಕಾಂಡ್ಲಾ ಇದೆ, ಯಾಣ ನಿಮ್ಮ ಹಿತ್ತಲಲ್ಲೇ ಇದೆ. ಇನ್ನೊಂದು, ಆ ರಸ್ತೆ ಜಾರವಾ ಬುಡಕಟ್ಟಿನ ಜನರ ಕಾಡಿನ ಒಳಗಿಂದ ಹೋಗುತ್ತದೆ. ಅವರ ಫೋಟೋ ತೆಗೆಯುವುದು ಅಪರಾಧ. ಆದರೂ ಬಹಳ ಮಂದಿ ಹೋಗುವುದು ಕಿಟಕಿಯಿಂದ ಅವರು ಕಂಡಾರೇನೋ ಅಂತಲೇ. ಮನುಷ್ಯರನ್ನು ಹಾಗೆ ನೋಡಲು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟೇ. ಪೋರ್ಟ್ ಬ್ಲೇರಿನಲ್ಲಿ ಸೆಲ್ಯುಲರ್ ಜೈಲು ಮಾತ್ರ ನೋಡಿ, ಅರ್ಧ ದಿನ ಇಡಿ. 1906ಕ್ಕೆ ಕಟ್ಟಿ ಮುಗಿದ ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಒಂದು ಸಾಲಿನ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗುವ ಹಾಗೆ ಕಟ್ಟಿದ್ದಾರೆ, ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣಬಾರದು ಅಂತ.

ಒಂದು ವಿಷಯ ಏಜೆಂಟರು ಸಾಮಾನ್ಯವಾಗಿ ಹೇಳುವುದಿಲ್ಲ. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಅಲ್ಲಿ ಎಲ್ಲವೂ ಒಂದು ಗಂಟೆಗೂ ಜಾಸ್ತಿ ಮೊದಲು. ಮಾರ್ಚಿನಲ್ಲಿ ಸಂಜೆ ಐದೂವರೆ ಸುಮಾರಿಗೆ ಸೂರ್ಯ ಮುಳುಗಿಬಿಡುತ್ತಾನೆ, ಡಿಸೆಂಬರಿನಲ್ಲಂತೂ ಐದಕ್ಕೇ. ಗೋಕರ್ಣದಲ್ಲಿ ಆರೂವರೆಗೆ ನೋಡಿ ರೂಢಿಯಾದವರು ಆರಾಮಾಗಿ ಚಹಾ ಕುಡಿದು ರಾಧಾನಗರಕ್ಕೆ ಬಂದರೆ ಕತ್ತಲು. ನಾಲ್ಕಕ್ಕೆಲ್ಲ ಅಲ್ಲಿರಿ. ಬೆಳಗ್ಗೆ ನಿಮಗೆ ಲಾಭ, ಕೊಟ್ಟಿಗೆ ಕೆಲಸದ ಅಭ್ಯಾಸಕ್ಕೆ ಐದಕ್ಕೆ ಎಚ್ಚರ ಆಗೇ ಆಗುತ್ತದೆ. ಆಗ ಪೂರ್ವಕ್ಕೆ ಮುಖ ಮಾಡಿದ ಕಾಲಾಪತ್ಥರ್ ದಂಡೆಗೆ ಹೋಗಿ, ಬೇರೆ ಪ್ರವಾಸಿಗರು ಇನ್ನೂ ಮಲಗಿರುತ್ತಾರೆ. ಭರತ–ಇಳಿತದ ಹೊತ್ತೂ ಕೇಳಿಕೊಳ್ಳಿ. ಇಳಿತದಲ್ಲಿ ಹೋಗಿ "ಬರೀ ಕಲ್ಲು, ಕೆಸರು" ಅಂತ ಬೈದು ಬಂದವರು ಬಹಳ. ನೀಲ್‌ನ ಕಲ್ಲಿನ ಸೇತುವೆ ಮಾತ್ರ ಉಲ್ಟಾ, ಅದಕ್ಕೆ ಇಳಿತದಲ್ಲೇ ಹೋಗಬೇಕು.

ಈಗ ನಿಮ್ಮ ಮೀನಿನ ಆಸೆಗೆ ಬರೋಣ. ಇದಕ್ಕೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಆಳಕ್ಕೆ ಇಳಿಯುವ ಸ್ಕೂಬಾ ಬೇಕಿಲ್ಲ, ಸ್ನಾರ್ಕ್ಲಿಂಗ್ ಸಾಕು. ಲೈಫ್ ಜಾಕೆಟ್ ಹಾಕಿಕೊಂಡು ಮೇಲೆ ತೇಲುತ್ತ ಮುಖ ಮಾತ್ರ ನೀರಿಗೆ ಇಡುವುದು, ಟ್ಯೂಬು ಟೈರು ಹಿಡಿದು ಒಬ್ಬ ಹುಡುಗ ಜೊತೆಗೆ ಇರುತ್ತಾನೆ. ಈಜು ಬರಬೇಕು ಅಂತಿಲ್ಲ. ಹ್ಯಾವ್‌ಲಾಕ್ ಜೆಟ್ಟಿಯಿಂದ ಎಲಿಫೆಂಟ್ ಬೀಚಿಗೆ ಬೆಳಗಿನ ಮೊದಲ ದೋಣಿಗೇ ಹೋಗಿ, ಹತ್ತರ ಮೇಲೆ ಮೀನಿಗಿಂತ ಜನರ ಕಾಲೇ ಜಾಸ್ತಿ ಕಾಣುತ್ತದೆ.

ಜನ ಹೆದರುವುದು ನೀರಿಗೆ ಅಲ್ಲ, ಬಾಯಲ್ಲಿ ಉಸಿರಾಡುವುದಕ್ಕೆ. ಮೂಗು ಮುಚ್ಚಿದ ತಕ್ಷಣ ಎದೆ ಹಿಡಿದಂತೆ ಆಗುತ್ತದೆ, ಕೈಕಾಲು ಬಡಿಯುತ್ತಾರೆ, ಉಪ್ಪುನೀರು ಕುಡಿಯುತ್ತಾರೆ, ಐದು ನಿಮಿಷಕ್ಕೆ ಸಾಕಪ್ಪಾ ಅಂತ ದಂಡೆಗೆ. ಇದನ್ನು ಮನೆಯಲ್ಲೇ ಕಲಿತು ಹೋಗಿ. ಒಂದು ಮಾಸ್ಕು, ಒಂದು ಸ್ನಾರ್ಕೆಲ್ ತರಿಸಿ. ನಿಮ್ಮಲ್ಲಿ ಅಡಿಕೆ ಬೇಯಿಸುವ ಹಂಡೆ ಇರಬೇಕಲ್ಲ? ಚೆನ್ನಾಗಿ ತಿಕ್ಕಿ ತೊಳೆದು ನೀರು ತುಂಬಿಸಿ, ಮಾಸ್ಕ್ ಹಾಕಿ, ಹಲ್ಲಲ್ಲಿ ನಳಿಗೆ ಕಚ್ಚಿ, ಮುಖ ಅದ್ದಿ. ಮೊದಲ ದಿನ ಹತ್ತು ಎಣಿಸುವಷ್ಟು. ಒಂದು ವಾರಕ್ಕೆ ಐದು ನಿಮಿಷ ಆರಾಮಾಗಿ ಇರುತ್ತೀರಿ. ಕೆಲಸದವರು ನೋಡಿ ನಗಬಹುದು, ನಗಲಿ. ಯಲ್ಲಾಪುರದ ಕಡೆಯ ಒಬ್ಬರು ಹೀಗೇ ಬಕೆಟಿನಲ್ಲಿ ಕಲಿತು ಹೋಗಿ ಸಮುದ್ರದಲ್ಲಿ ಮುಕ್ಕಾಲು ಗಂಟೆ ಮುಖ ಎತ್ತಲಿಲ್ಲವಂತೆ, ಗೈಡ್ ಹುಡುಗನೇ ಹೆದರಿ ಬೆನ್ನು ತಟ್ಟಿದನಂತೆ. ಇನ್ನೊಂದು ಗುಟ್ಟು: ಮಾಸ್ಕಿನ ಗಾಜಿಗೆ ಮಂಜು ಕಟ್ಟದಿರಲು ಒಳಗೆ ಸ್ವಲ್ಪ ಉಗುಳಿ, ಬೆರಳಿಂದ ಉಜ್ಜಿ, ಒಮ್ಮೆ ಅದ್ದಿ ತೆಗೆಯಬೇಕು. ಅಸಹ್ಯ ಅನ್ನಿಸಬಹುದು, ಇದಕ್ಕಿಂತ ಒಳ್ಳೆಯ ಉಪಾಯ ನಾನು ನೋಡಿಲ್ಲ.

ಬಟ್ಟೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೀರೆ, ದುಪ್ಪಟ್ಟಾ ಹಾಕಿ ನೀರಿಗೆ ಇಳಿಯಬೇಡಿ, ಅಲೆಗೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಲೆಗ್ಗಿಂಗ್ಸ್ ಮತ್ತು ತುಂಬುತೋಳಿನ ಟೀ ಶರ್ಟ್ ಸಾಕು. ಬೆನ್ನು ಸುಡುವುದೂ ತಪ್ಪುತ್ತದೆ, ಸಂಜೆ ದಂಡೆಯ ಮರಳುನೊಣ ಕಚ್ಚುವುದೂ ಕಮ್ಮಿ. ಹವಳದ ಮೇಲೆ ನಿಲ್ಲಬೇಡಿ, ಅದು ಕಲ್ಲಲ್ಲ, ಜೀವ. ಸತ್ತ ಹವಳದ ತುಂಡು ಕೂಡ ಬ್ಯಾಗಿಗೆ ಹಾಕಬೇಡಿ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಕೆಲವು ದಂಡೆಗಳಲ್ಲಿ ಮೊಸಳೆ ಎಚ್ಚರಿಕೆಯ ಬೋರ್ಡ್ ಇರುತ್ತದೆ, ಉಪ್ಪುನೀರಿನ ಮೊಸಳೆ ಅಲ್ಲಿ ನಿಜವಾಗಿಯೂ ಇದೆ. ಗುರುತು ಹಾಕಿದ ಜಾಗದಲ್ಲಿ ಮಾತ್ರ ಇಳಿಯಿರಿ.

ಸ್ಕೂಬಾ ಮಾಡಲೇಬೇಕು ಅನ್ನಿಸಿದರೆ ಮೊದಲ ದಿನಗಳಲ್ಲೇ ಮುಗಿಸಿ. ಸ್ಕೂಬಾ ಮಾಡಿ ಕಡಿಮೆ ಅಂದರೂ 18 ಗಂಟೆ ವಿಮಾನ ಹತ್ತಬಾರದು. ಹೊಸಬರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯುವಂತಿಲ್ಲ. ಆರೋಗ್ಯದ ಫಾರ್ಮ್ ಕೊಡುತ್ತಾರೆ, ಅದರಲ್ಲಿ 45 ದಾಟಿದವರಿಗೆ ಜಾಸ್ತಿ ಪ್ರಶ್ನೆ, ಬಿಪಿಯ ಪ್ರಶ್ನೆಯೂ ಇದೆ. ಯಜಮಾನ್ರು ಇಳಿಯುವುದಾದರೆ ಶಿರಸಿಯಲ್ಲೇ ಡಾಕ್ಟರ ಸಹಿ ತೆಗೆದುಕೊಂಡು ಹೋಗಲಿ. "ಎಲ್ಲಕ್ಕೂ ಇಲ್ಲ ಅಂತ ಬರೆಯಿರಿ, ಏನಾಗಲ್ಲ" ಅನ್ನುವ ಹುಡುಗರು ಸಿಗುತ್ತಾರೆ. ಅಂಥವರ ಹತ್ತಿರ ಸ್ಕೂಬಾ ಮಾಡಲೇಬೇಡಿ.

ಅವರ ವಾಂತಿ ಸಮಸ್ಯೆಗೆ ಹೊರಡುವ ಮೊದಲು ಇಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಭಾನುವಾರ ಕಾರವಾರಕ್ಕೆ ಬನ್ನಿ, ದೇವಬಾಗದ ಕಡೆಯಿಂದ ಕೂರ್ಮಗಡ ದ್ವೀಪದ ತನಕ ದೋಣಿಯಲ್ಲಿ ಹೋಗಿ ಬನ್ನಿ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. 2019ರ ಕೂರ್ಮಗಡ ಜಾತ್ರೆಯ ದಿನ ಇಲ್ಲಿ ದೋಣಿ ಮಗುಚಿ ಜನ ಸತ್ತದ್ದನ್ನು ನಮ್ಮೂರಿನವರು ಮರೆತಿಲ್ಲ. ಮಾತ್ರೆ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ, ಬಿಪಿ ಮಾತ್ರೆ ಇರುವುದನ್ನು ಹೇಳಿ. ಹತ್ತುವ ಮೊದಲೇ ನುಂಗಬೇಕು, ತಲೆ ಸುತ್ತು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಹಸಿದ ಹೊಟ್ಟೆಯಲ್ಲಿ ಬೇಡ, ಒಂದು ಮುಷ್ಟಿ ಅವಲಕ್ಕಿ ಸಾಕು. ಹ್ಯಾವ್‌ಲಾಕಿಗೆ ಖಾಸಗಿ ಫೆರ್ರಿ ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ, ಆದರೆ ಎಲ್ಲ ಮುಚ್ಚಿದ ಎಸಿ. ಸರ್ಕಾರಿ ಫೆರ್ರಿ ನಿಧಾನ, ಹೊರಗೆ ಗಾಳಿಗೆ ನಿಲ್ಲಬಹುದು. ಯಾವುದೇ ಆಗಲಿ, ಕೆಳಗಿನ ಅಂತಸ್ತಿನ ನಡುಭಾಗದ ಸೀಟು ಕೇಳಿ, ಮೊಬೈಲ್ ಒಳಗಿಟ್ಟು ದೂರದ ನೀರಿನ ಗೆರೆ ನೋಡುತ್ತ ಕೂರಲಿ.

ಊಟಕ್ಕೆ ತೊಂದರೆಯಿಲ್ಲ, ಮೀನಿನೂಟ ಜಾಸ್ತಿ ಅನ್ನುವುದು ನಿಜ, ಆದರೆ ಅನ್ನ, ದಾಲ್, ಪಲ್ಯ ಎಲ್ಲ ಕಡೆ ಸಿಗುತ್ತದೆ. ನೀಲ್ ದ್ವೀಪದಲ್ಲಂತೂ ತರಕಾರಿ ಬೆಳೆಯುವುದೇ ಮುಖ್ಯ ಕಸುಬು. ಚಟ್ನಿಪುಡಿ ಒಯ್ಯಿರಿ. ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ. ಒಣ ಕೊಬ್ಬರಿ ಬೇಡವೇ ಬೇಡ, ಬೇಗ ಬೆಂಕಿ ಹತ್ತುತ್ತದೆ ಅಂತ ದೊಡ್ಡ ಬ್ಯಾಗಿನಲ್ಲೂ ನಿಷೇಧ. ಯಜಮಾನ್ರ ಕವಳದ ಸಂಚಿಯಲ್ಲಿ ಅಡಕತ್ತರಿ ಇದ್ದರೆ ಮೊದಲೇ ತೆಗೆದಿಡಿ, ಸ್ಕ್ಯಾನರ್ ಹತ್ತಿರ ಅದನ್ನು ಕಸದ ಡಬ್ಬಿಗೆ ಹಾಕಿಸಿದರೆ ಅವರ ಮುಖ ಇಡೀ ಪ್ರವಾಸ ಹಾಗೇ ಇರುತ್ತದೆ. ಫೋನ್ ಬಗ್ಗೆ: 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಹಾಕಿದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ. ಆದರೆ ಊರಲ್ಲಿ "ಅಲ್ಲಿ ಸಿಗಲ್ಲವಂತೆ" ಅಂತ ಹೇಳಿ ಹೊರಡಿ. ರಾತ್ರಿ ಒಮ್ಮೆ ನೀವೇ ಮಾಡಿದರಾಯಿತು.

ಹ್ಯಾವ್‌ಲಾಕಿನ ಮೂರು ದಿನದಲ್ಲಿ ಒಂದು ದಿನ ಪೂರ್ತಿ ಖಾಲಿ ಬಿಡಿ. ಏನು ಮಾಡುವುದು ಅಂತ ಏಜೆಂಟ್ ಕೇಳುತ್ತಾನೆ, ಏನೂ ಇಲ್ಲ ಅನ್ನಿ. ಬಾಡಿಗೆ ಸ್ಕೂಟರ್ ತೆಗೆದುಕೊಂಡು ರಾಧಾನಗರದ ರಸ್ತೆಯಲ್ಲಿ ಹೋದರೆ ಎರಡೂ ಕಡೆ ಅಡಿಕೆ, ತೆಂಗಿನ ತೋಟ. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಮನೆಗಳವು, ಅಂಗಳದಲ್ಲಿ ಅಡಿಕೆಯೂ ಒಣಗುತ್ತಿರುತ್ತದೆ. ಯಜಮಾನ್ರು ಅಲ್ಲಿ ಸ್ಕೂಟರ್ ನಿಲ್ಲಿಸದೆ ಮುಂದೆ ಹೋದರೆ ನನ್ನನ್ನು ಕೇಳಿ. ಭಾಷೆ ಬರದಿದ್ದರೂ ಕ್ವಿಂಟಲ್ ರೇಟು ಕೇಳಿಕೊಂಡೇ ಬರುತ್ತಾರೆ. ಅರ್ಧ ಗಂಟೆ ಬಿಟ್ಟುಕೊಡಿ, ಬದಲಿಗೆ ಮರುದಿನ ಬೆಳಗ್ಗೆ ನಿಮ್ಮ ಜೊತೆ ನೀರಿಗೆ ಇಳಿಯಬೇಕು ಅಂತ ಆಗಲೇ ಮಾತು ತೆಗೆದುಕೊಳ್ಳಿ.

ಹಾಂ, ಅವರಿಗೆ ಮೀಸೆ ಇದೆಯಾ? ದಪ್ಪ ಮೀಸೆ ಇದ್ದರೆ ಮಾಸ್ಕ್ ಚರ್ಮಕ್ಕೆ ಕೂರದೆ ನೀರು ಸೋರುತ್ತದೆ. ಮೂಗಿನ ಕೆಳಗೆ ವ್ಯಾಸಲೀನ್ ದಪ್ಪಗೆ ಸವರಿದರೆ ಸ್ವಲ್ಪ ತಡೆಯುತ್ತದೆ. ಹಂಡೆಯಲ್ಲಿ ಅದನ್ನೂ ಒಮ್ಮೆ ಪರೀಕ್ಷೆ ಮಾಡಿ. ಅಷ್ಟಕ್ಕೂ ನಿಲ್ಲದಿದ್ದರೆ ಬೋಳಿಸುವುದೊಂದೇ ದಾರಿ, ಆ ಮಾತನ್ನು ಅವರ ಹತ್ತಿರ ನೀವೇ ಎತ್ತಬೇಕು.